ಬಂಡೆಯನ್ನು ಧೂಳಾಗಿಸುವುದು ನೀರು

(ಹೊಸಪೇಟೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಸುತ್ತಲಿನ ಹಳ್ಳಿಗಳ ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಸಪೇಟೆಯವರಿಗೆ ಧೂಳಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಸಂಡೂರಿನ ಅದಿರು ಹೊತ್ತ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ ರಸ್ತೆ ಬದಿಯ ಮರಗಳೆಲ್ಲ ಕೆಂಪಾಗಿದ್ದುದನ್ನು ಇಲ್ಲಿ ಕುಳಿತ ಹಿರಿಯರು ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ತನಕ ಆ ಧೂಳು ಈ ಭಾಗದ ದಿನಚರಿಯೇ ಆಗಿತ್ತು. ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ, ಇನ್ನೂ ಆಗಬೇಕು. ಇವತ್ತು ನಾನು ಆರಿಸಿಕೊಂಡಿರುವುದು ಬೇರೆ ಧೂಳನ್ನು. ಯಾವ ಯಂತ್ರ ಮುಟ್ಟದಿದ್ದರೂ ಬಂಡೆಯಿಂದ ತಾನಾಗಿ ಹುಟ್ಟುವ ಧೂಳು. ಹೊಲದಲ್ಲಿ ಮಣ್ಣಾಗಿ ಕುಳಿತು ನಮಗೆ ಅನ್ನ ಕೊಡುವ ಧೂಳು. ಬೇಸಿಗೆಯ ಸುಳಿಗಾಳಿ ಎದ್ದಾಗ ಮಾತ್ರ ನಾವು ಹೆಸರಿಟ್ಟು ಕರೆಯುವ ಧೂಳು.

ಹಂಪಿಯ ಬಂಡೆಗಳ ನಡುವೆ ನಿಂತು, ಈ ಕಲ್ಲು ಪುಡಿಯಾಗುವುದು ಹೇಗೆ ಎಂದು ಯಾರನ್ನಾದರೂ ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ ಬಿಸಿಲು ಮತ್ತು ಗಾಳಿ ಎನ್ನುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಆ ಉತ್ತರ ಸಹಜವೆನಿಸುತ್ತದೆ. ನನ್ನ ಇವತ್ತಿನ ಮಾತೆಲ್ಲ ಆ ಉತ್ತರವನ್ನು ಬದಲಾಯಿಸುವ ಪ್ರಯತ್ನ. ಬಂಡೆಯನ್ನು ಧೂಳು ಮಾಡುವ ಕೆಲಸದಲ್ಲಿ ಬಹುಪಾಲು ನೀರಿನದು. ಗಾಳಿ ಬರುವ ಹೊತ್ತಿಗೆ ಆ ಕೆಲಸ ಮುಗಿದು ಎಷ್ಟೋ ಸಾವಿರ ವರ್ಷಗಳಾಗಿರುತ್ತವೆ.

ಬಿಸಿಲಿನಿಂದಲೇ ಆರಂಭಿಸೋಣ. ಹಗಲು ಕಾದು ಹಿಗ್ಗಿ, ರಾತ್ರಿ ತಣಿದು ಕುಗ್ಗಿ, ಹೀಗೆ ಹಿಗ್ಗಿ ಕುಗ್ಗಿ ಬಂಡೆ ಬಿರಿಯುತ್ತದೆ ಎಂದು ಶಾಲೆಯ ಪುಸ್ತಕಗಳು ಬಹಳ ಕಾಲದಿಂದ ಹೇಳುತ್ತಿವೆ. ಅಮೆರಿಕದ ಭೂವಿಜ್ಞಾನಿ ಡೇವಿಡ್ ಗ್ರಿಗ್ಸ್ ಅದನ್ನು ಪರೀಕ್ಷಿಸಿ ನೋಡಿದರು. ನುಣುಪು ಮಾಡಿದ ಗ್ರಾನೈಟ್ ತುಂಡೊಂದನ್ನು ವಿದ್ಯುತ್ ಒಲೆಯ ಮುಂದೆ ಕಾಯಿಸುವುದು, ಒಣಗಾಳಿಯಲ್ಲಿ ತಣಿಸುವುದು, ಮತ್ತೆ ಕಾಯಿಸುವುದು. ಮೂರು ವರ್ಷ ಬಿಡದೆ ಒಟ್ಟು 89,400 ಬಾರಿ. ದಿನಕ್ಕೆ ಒಂದು ಹಗಲು, ಒಂದು ರಾತ್ರಿ ಎಂದು ಲೆಕ್ಕ ಹಾಕಿದರೆ ಅದು 244 ವರ್ಷಗಳ ಬಿಸಿಲಿಗೆ ಸಮ. ಮರುಭೂಮಿಯಲ್ಲೂ ಕಾಣದಷ್ಟು ಕಠಿಣ ಏರಿಳಿತ. ಕೊನೆಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೂ ಕಲ್ಲಿನಲ್ಲಿ ಬದಲಾವಣೆ ಕಾಣಲಿಲ್ಲ. ಆಮೇಲೆ ಅವರು ಒಂದೇ ಒಂದು ವ್ಯತ್ಯಾಸ ಮಾಡಿದರು: ಒಣಗಾಳಿಯ ಬದಲು ನೀರು ಸಿಂಪಡಿಸಿ ತಣಿಸಿದರು. ಕೆಲವೇ ದಿನಗಳಲ್ಲಿ ಕಲ್ಲಿನ ಹೊಳಪು ಮಾಸಿತು, ಮೈಮೇಲೆ ಬಿರುಕು ಕಾಣಿಸಿಕೊಂಡಿತು. ಈ ಫಲಿತಾಂಶ 1936ರಲ್ಲಿ ಪ್ರಕಟವಾಯಿತು. ಬಿಸಿಲಿಗೆ ಪಾತ್ರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಂಗೈಯಗಲದ ತುಂಡಿನಲ್ಲಿ ಆಗದ್ದು ಮನೆಯಷ್ಟು ದೊಡ್ಡ ಬಂಡೆಯಲ್ಲಿ ಆಗುತ್ತದೆ. ದೊಡ್ಡ ಬಂಡೆಗಳು ಬಿಸಿಲಿಗೆ ಬಿರಿಯುವುದನ್ನು ಈಚಿನ ಸಂಶೋಧಕರು ಉಪಕರಣ ಅಂಟಿಸಿ ಕೇಳಿಸಿಕೊಂಡಿದ್ದಾರೆ. ಆದರೆ ಬಿರಿಯುವುದು ಬೇರೆ, ಮಣ್ಣಾಗುವುದು ಬೇರೆ. ಆ ಎರಡನೆಯ ಕೆಲಸ ನೀರಿಲ್ಲದೆ ಆಗುವುದೇ ಇಲ್ಲ.

ಈಗ ನಮ್ಮ ಕಲ್ಲಿಗೆ ಬರೋಣ. ಹಂಪಿಯ ಗ್ರಾನೈಟ್ ಇಲ್ಲಿಗೆ ಮಾತ್ರ ಸೇರಿದ್ದಲ್ಲ. ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಕಿರಿದಾದ ಪಟ್ಟಿಯ ಉತ್ತರದ ಭಾಗ ಇದು. ರಾಮನಗರದ ಹಳೆಯ ಹೆಸರಿನಿಂದಾಗಿ ಭೂವಿಜ್ಞಾನದಲ್ಲಿ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇದು ಹುಟ್ಟಿದ್ದು ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, ಕರಗಿದ ಶಿಲೆ ನಿಧಾನವಾಗಿ ತಣಿದು ಗಟ್ಟಿಯಾದಾಗ. ಇವತ್ತು ನಾವು ಅದರ ಮೇಲೆ ಕುಳಿತು ಸೂರ್ಯಾಸ್ತ ನೋಡುತ್ತೇವೆ ಎಂದರೆ ಮೇಲಿದ್ದ ಅಷ್ಟೂ ಕಲ್ಲು ಸವೆದು ಹೋಗಿದೆ ಎಂದರ್ಥ. ಹೋದದ್ದು ಎಲ್ಲಿಗೆ? ಮಣ್ಣಾಗಿ, ಮರಳಾಗಿ, ಹೂಳಾಗಿ, ಧೂಳಾಗಿ ಸಮುದ್ರಕ್ಕೆ.

ಮೇಲಿನ ಭಾರ ಇಳಿದಂತೆಲ್ಲ ಕೆಳಗಿನ ಬಂಡೆ ಸಡಿಲಗೊಂಡು ಹಿಗ್ಗುತ್ತದೆ, ನೆಲಕ್ಕೆ ಸಮಾನಾಂತರವಾಗಿ ಪದರ ಪದರವಾಗಿ ಸೀಳುತ್ತದೆ. ನಮ್ಮ ಕಲ್ಲುಕುಟಿಗರಿಗೆ ಇದು ತಲೆಮಾರುಗಳಿಂದ ಗೊತ್ತು. ಹಾಸುಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಚ್ಚುತ್ತಾರೆ, ಬೆಂಕಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾರೆ, ನಡುನಡುವೆ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ದನಿ ಬಂದರೆ ಕಲ್ಲು ಇನ್ನೂ ಅಂಟಿಕೊಂಡಿದೆ. ಪೊಳ್ಳು ದನಿ ಬಂದರೆ ಪದರ ಬಿಟ್ಟಿದೆ. ಹಾಗೆ ಎದ್ದ ಪದರವನ್ನು ಉಳಿಯಿಂದ ಗೆರೆ ಹೊಡೆದು ಸೀಳಿ ಚಪ್ಪಡಿ ಮಾಡುತ್ತಾರೆ. ಕಲ್ಲಿನೊಳಗೆ ಹುದುಗಿದ್ದ ಬಿಗಿತಕ್ಕೆ ಬೆಂಕಿ ನೆಪವಾಗುತ್ತದೆ. ಭೂವಿಜ್ಞಾನದ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದುವುದನ್ನು ಅವರು ಕಿವಿಯಿಂದ ಓದುತ್ತಾರೆ. ಆ ಜ್ಞಾನಕ್ಕೆ ನಮ್ಮ ತರಗತಿಗಳಲ್ಲಿ ಜಾಗ ಸಿಕ್ಕಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಅಡ್ಡ ಸೀಳುಗಳ ಜೊತೆಗೆ ನೆಟ್ಟಗೆ ನಿಂತ ಸೀಳುಗಳೂ ಇರುತ್ತವೆ. ಎರಡೂ ಸೇರಿ ನೆಲದಡಿಯ ಬಂಡೆ ಚೌಕ ಚೌಕವಾಗಿ ವಿಭಾಗವಾಗುತ್ತದೆ. ಮಳೆನೀರು ಇಳಿಯುವುದು ಈ ಸೀಳುಗಳಲ್ಲಿ. ಮಳೆನೀರು ಶುದ್ಧ ನೀರಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗಿರುತ್ತದೆ. ಮಣ್ಣಿನ ಮೂಲಕ ಇಳಿಯುವಾಗ ಆ ಆಮ್ಲತೆ ಇನ್ನಷ್ಟು ಏರುತ್ತದೆ, ಏಕೆಂದರೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನೊಳಗಿನ ಗಾಳಿಯಲ್ಲಿ ಆ ಅನಿಲ ಹೊರಗಿಗಿಂತ ಎಷ್ಟೋ ಪಟ್ಟು ಹೆಚ್ಚು. ಇದರ ಪರಿಣಾಮ ವಿಚಿತ್ರವಾಗಿದೆ. ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ಬಂಡೆಗಿಂತ ಮಣ್ಣು ಹೊದ್ದು ಮಲಗಿದ ಬಂಡೆ ಬೇಗ ಕೊಳೆಯುತ್ತದೆ. ಮೇಲಿನ ಬಂಡೆಯಿಂದ ನೀರು ಜಾರಿ ಹೋಗುತ್ತದೆ. ಕೆಳಗಿನದು ವರ್ಷದ ಬಹುಕಾಲ ಒದ್ದೆಯಾಗಿಯೇ ಇರುತ್ತದೆ.

ಆ ಒದ್ದೆಯಲ್ಲಿ ಏನಾಗುತ್ತದೆ ಎಂಬುದನ್ನು ತೋರಿಸಲು ಒಂದು ಪೊಟ್ಟಣ ತಂದಿದ್ದೇನೆ. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಜಾಗದಿಂದ ತೆಗೆದ ಗೊರಚು ಇದು. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ನೋಡಿ, ಹಿಂದಕ್ಕೆ ದಾಟಿಸಿ. ದೂರದಿಂದ ನೋಡಿದರೆ ಗ್ರಾನೈಟೇ. ಅದೇ ಚುಕ್ಕೆಗಳು, ಅದೇ ವಿನ್ಯಾಸ. ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಈಗ ಒಂದೊಂದು ಕಣವನ್ನೂ ಗಮನಿಸಿ. ಗಾಜಿನ ಚೂರಿನಂತೆ ಹೊಳೆಯುವುದು ಬೆಣಚು. ಅದಕ್ಕೆ ಏನೂ ಆಗಿಲ್ಲ. ಸುಣ್ಣ ಬಳಿದಂತೆ ಮಂಕಾಗಿ, ಉಗುರಿನಿಂದ ಕೆರೆದರೆ ಬಿಳಿ ಹಿಟ್ಟು ಬಿಡುತ್ತಿರುವುದು ಫೆಲ್ಡ್‌ಸ್ಪಾರ್. ಗ್ರಾನೈಟಿನ ಅರ್ಧಕ್ಕಿಂತ ಹೆಚ್ಚು ಭಾಗ ಇದೇ ಖನಿಜ. ಚಿನ್ನದ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟುವ ತೆಳುವಾದ ಹಳುಕುಗಳು ಕಪ್ಪು ಅಭ್ರಕ.

ಮೊದಲು ಸೋಲುವುದು ಈ ಅಭ್ರಕ. ಅದರೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಪೊಟ್ಯಾಸಿಯಂ ಕಳಚಿಕೊಳ್ಳುತ್ತದೆ, ಹಾಳೆಗಳು ಬಿಚ್ಚಿಕೊಂಡು ಉಬ್ಬುತ್ತವೆ. ಉಬ್ಬಿದ ಅಭ್ರಕ ಸುತ್ತಲಿನ ಕಣಗಳನ್ನು ದೂಡಿ ಕಲ್ಲನ್ನು ಒಳಗಿನಿಂದಲೇ ಸಡಿಲಿಸುತ್ತದೆ. ಆ ಸಡಿಲದಲ್ಲಿ ಇನ್ನಷ್ಟು ನೀರು ನುಗ್ಗುತ್ತದೆ. ನೀರು ಫೆಲ್ಡ್‌ಸ್ಪಾರನ್ನು ಹಿಡಿದುಕೊಂಡು ಅದರೊಳಗಿನ ಪೊಟ್ಯಾಸಿಯಂ, ಸೋಡಿಯಂ, ಸ್ವಲ್ಪ ಸಿಲಿಕಾ ಇವನ್ನು ಕರಗಿಸಿ ಒಯ್ಯುತ್ತದೆ. ಉಳಿದದ್ದು ಮರುಜೋಡಣೆಗೊಂಡು ಬೇರೆಯದೇ ಖನಿಜವಾಗುತ್ತದೆ. ಅದೇ ಜೇಡಿ. ಇದನ್ನು ದಯವಿಟ್ಟು ಗಮನಿಸಿ: ಜೇಡಿಯೆಂದರೆ ನುಣ್ಣಗೆ ಪುಡಿಯಾದ ಕಲ್ಲಲ್ಲ. ಬಂಡೆಯಲ್ಲಿ ಇಲ್ಲದೇ ಇದ್ದ, ನೀರಿನಿಂದ ಹೊಸದಾಗಿ ಹುಟ್ಟಿದ ವಸ್ತು ಅದು. ಕಬ್ಬಿಣದ ತುಕ್ಕು ಅದಕ್ಕೆ ಕೆಂಪು ಬಣ್ಣ ಕೊಡುತ್ತದೆ. ನಮ್ಮ ಮಸಾರಿ ಹೊಲಗಳ ಕೆಂಪು ಬಂದದ್ದು ಇಲ್ಲಿಂದ.

ಕ್ರಷರಿನಲ್ಲಿ ಗ್ರಾನೈಟ್ ಅರೆದು ಎಂ-ಸ್ಯಾಂಡ್ ಮಾಡುತ್ತಾರಲ್ಲ, ಅದರ ಜೊತೆ ಹೊರಬರುವ ನುಣುಪು ಪುಡಿಯನ್ನು ಹೊಲಕ್ಕೆ ಹಾಕಿದರೆ ಮಣ್ಣಾಗುವುದೇ ಎಂದು ಹಿಂದೊಮ್ಮೆ ಒಬ್ಬರು ಕೇಳಿದ್ದರು. ಆಗುವುದಿಲ್ಲ. ಅದು ಸಣ್ಣದಾದ ಕಲ್ಲು ಅಷ್ಟೇ. ಅದರೊಳಗೆ ಫೆಲ್ಡ್‌ಸ್ಪಾರ್ ಫೆಲ್ಡ್‌ಸ್ಪಾರಾಗಿಯೇ ಇದೆ. ಅಷ್ಟೇ ಅಲ್ಲ, ಹೊಸದಾಗಿ ಒಡೆದ ಬೆಣಚಿನ ಧೂಳು ಚೂಪಾಗಿ ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಕ್ರಷರುಗಳಲ್ಲಿ ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡು ದುಡಿಯುವವರಿಗೆ ಆ ಟವೆಲ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ನೀರು ಸಿಂಪಡಿಸಿ ಒಡೆಯುವುದು, ಸರಿಯಾದ ಮುಖಗವಸು ಕೊಡುವುದು ಮಾಲೀಕರ ಹೊಣೆ. ಈ ವೇದಿಕೆಯಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ.

ಹಂಪಿಯ ಬಂಡೆಗಳೇಕೆ ದುಂಡಗಿವೆ? ನದಿ ಉರುಳಿಸಿತು, ಭೂಕಂಪ ಚೆಲ್ಲಾಡಿತು ಎಂದೆಲ್ಲ ಹೇಳುವುದುಂಟು. ಅವು ಎಲ್ಲಿಂದಲೂ ಉರುಳಿ ಬಂದಿಲ್ಲ. ಬಹುತೇಕ ಹುಟ್ಟಿದಲ್ಲೇ ಇವೆ. ನೆಲದಡಿ ಚೌಕ ಚೌಕವಾಗಿದ್ದ ಬಂಡೆಯನ್ನು ನೀರು ಸುತ್ತಲಿಂದ ಮುತ್ತಿದಾಗ ಮೂಲೆಯ ಮೇಲೆ ಮೂರು ಕಡೆಯಿಂದ, ಅಂಚಿನ ಮೇಲೆ ಎರಡು ಕಡೆಯಿಂದ, ಮುಖದ ಮೇಲೆ ಒಂದೇ ಕಡೆಯಿಂದ ದಾಳಿ. ಬೆಲ್ಲದ ಅಚ್ಚನ್ನು ನೀರಿನಲ್ಲಿಟ್ಟಾಗ ಮೊದಲು ಮೂಲೆಗಳು ಹೋಗಿ ಅಚ್ಚು ಗುಂಡಗಾಗುವುದೂ ಇದೇ ಕಾರಣಕ್ಕೆ. ಹೀಗೆ ಗೊರಚಿನ ನಡುವೆ ಕೊಳೆಯದ ಗುಂಡುಗಳು ಉಳಿದುಕೊಂಡವು. ಆಮೇಲೆ ಮಳೆ ಆ ಗೊರಚನ್ನು ತೊಳೆದು ಒಯ್ದಿತು, ಗುಂಡುಗಳು ಒಂದರ ಮೇಲೊಂದು ಕುಳಿತವು. ಎಂದರೆ ನಾವು ಬೆರಗಿನಿಂದ ನೋಡುವ ಆ ಬಂಡೆಗಳ ರಾಶಿ ಉಳಿಕೆ. ನಿಜವಾದ ಉತ್ಪನ್ನ ಆಗಲೇ ತುಂಗಭದ್ರೆಯನ್ನು ದಾಟಿ ಹೋಗಿದೆ.

ಆ ಪಯಣವನ್ನು ಮೇಜಿನ ಮೇಲೆಯೇ ನೋಡಬಹುದು. ಈ ಗಾಜಿನ ಲೋಟದ ನೀರಿಗೆ ಒಂದು ಹಿಡಿ ಹೊಲದ ಮಣ್ಣು ಹಾಕಿ ಕಲಕುತ್ತೇನೆ. ನಿಲ್ಲಿಸಿದ ಒಂದು ನಿಮಿಷದೊಳಗೆ ಮರಳು ತಳಕ್ಕೆ ಬಿದ್ದಾಯಿತು, ನೋಡಿ. ಅದರ ಮೇಲೆ ಬೂದು ಬಣ್ಣದ ನುಣುಪು ಪದರವೊಂದು ಈ ಉಪನ್ಯಾಸ ಮುಗಿಯುವಷ್ಟರಲ್ಲಿ ಕೂರುತ್ತದೆ. ನೀರಿನ ಕೆಂಪು ಮಾತ್ರ ತಿಳಿಯಾಗುವುದಿಲ್ಲ. ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟಿರುವ ಜೇಡಿಯ ಕಣ ನಿಂತ ನೀರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಮನೆಯಲ್ಲಿ ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು. ಬೆಳಗ್ಗೆ ಪದರಗಳ ದಪ್ಪವನ್ನು ಅಳತೆಪಟ್ಟಿಯಿಂದ ಅಳೆದರೆ ನಿಮ್ಮ ಹೊಲದ ಮಣ್ಣಿನಲ್ಲಿ ಯಾವುದು ಎಷ್ಟಿದೆ ಎಂಬ ಒರಟು ಅಂದಾಜು ಸಿಗುತ್ತದೆ.

ಹೊಳೆ ಮಾಡುವುದೂ ಇದನ್ನೇ. ವೇಗ ತಗ್ಗಿದಲ್ಲಿ ಮೊದಲು ಮರಳನ್ನು ಇಳಿಸುತ್ತದೆ, ಜೇಡಿಯನ್ನು ಕೈಬಿಡುವುದು ನೀರು ನಿಂತಾಗ ಮಾತ್ರ. ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಲ್ಲುತ್ತದೆ. 1953ರಲ್ಲಿ ನೀರು ತುಂಬಿಸಲು ಆರಂಭಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಈಗ 105 ಟಿಎಂಸಿಯ ಆಸುಪಾಸು. ಕಳೆದುಹೋದ ಜಾಗದಲ್ಲಿ ಕುಳಿತಿರುವುದು 75 ಕೋಟಿ ಘನ ಮೀಟರಿಗೂ ಹೆಚ್ಚು ಹೂಳು. ಮಲೆನಾಡಿನ ಗುಡ್ಡಗಳದೂ ಹೌದು, ಬಯಲು ಸೀಮೆಯ ಹೊಲಗಳದೂ ಹೌದು, ಗಣಿಯ ತ್ಯಾಜ್ಯವೂ ಅದರಲ್ಲಿದೆ. ನಾವು ಅದನ್ನು ನೀರಿನ ನಷ್ಟವೆಂದು ಮಾತ್ರ ಲೆಕ್ಕ ಹಾಕುತ್ತೇವೆ. ಅದಕ್ಕಿಂತ ಮೊದಲು ಅದು ಯಾರದೋ ಹೊಲದ ನಷ್ಟ.

ಮರಳಿನ ಪಾಡು ಬೇರೆ. ಬೆಣಚು ಕರಗುವುದಿಲ್ಲ, ಜೇಡಿಯಾಗುವುದಿಲ್ಲ, ಹೊಳೆಯ ತಳದಲ್ಲಿ ಉರುಳುತ್ತ ಹೋಗುತ್ತದೆ. ಅದು ಗಾಳಿಯ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ತಲಕಾಡಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿಲ್ಲ. ಗಂಗರ ರಾಜಧಾನಿಯಾಗಿದ್ದ ಊರು; ದೇವಾಲಯಗಳ ಸಾಲು ಸಾಲೇ ಮರಳಿನಡಿ ಹೋಯಿತು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪ ನಿಮಗೆಲ್ಲ ಗೊತ್ತು. ಭೂವಿಜ್ಞಾನದ ದೃಷ್ಟಿಯಿಂದ ಆ ಮಾತು ಬಹಳ ನಿಖರವಾಗಿದೆ. ಕಾವೇರಿ ಅಲ್ಲಿ ದೊಡ್ಡದಾಗಿ ತಿರುಗುತ್ತಾಳೆ. ತಿರುವಿನ ಒಳಬದಿಯಲ್ಲಿ, ತಲಕಾಡಿನ ಕಡೆ, ಮರಳು ಶೇಖರವಾಗುತ್ತದೆ; ಎದುರಿನ ಮಾಲಂಗಿಯ ಕಡೆ ಹೊರಬದಿಯ ದಂಡೆ ಕೊರೆದು ಮಡುವಾಗುತ್ತದೆ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯ ಹೆಸರಿನ ಕಟ್ಟೆ ಮೇಲ್ಭಾಗದಲ್ಲಿ ಎದ್ದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ತಗ್ಗಿ ಮರಳು ಬಯಲಿಗೆ ಬಂದಿತೆಂದು, ನೈರುತ್ಯದ ಗಾಳಿ ಅದನ್ನು ಊರಿನ ಮೇಲೆ ಹೊತ್ತು ಹಾಕಿತೆಂದು ಬಹಳ ಮಂದಿ ವಿದ್ವಾಂಸರು ವಿವರಿಸುತ್ತಾರೆ. ಮರಳ ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದಕ್ಕೆ ಬರುತ್ತಿದ್ದವು, ಜನ ಮನೆ ಬಿಟ್ಟು ಹಿಂದೆ ಸರಿಯುತ್ತಿದ್ದರು ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿದೆ. ಪಂಚಲಿಂಗ ದರ್ಶನದ ವರ್ಷಗಳಲ್ಲಿ ಈಗಲೂ ಮರಳು ತೆಗೆದು ದೇವಸ್ಥಾನಗಳ ದಾರಿ ಬಿಡಿಸಬೇಕಾಗುತ್ತದೆ.

ತಲಕಾಡಿನಲ್ಲಿ ಗಾಳಿ ಹೊತ್ತದ್ದು ಮರಳನ್ನು. ಮರಳಿಗಿಂತ ಎಷ್ಟೋ ಹಗುರವಾದ ಧೂಳನ್ನು ಎತ್ತುವುದು ಗಾಳಿಗೆ ಇನ್ನೂ ಸುಲಭವಲ್ಲವೇ? ಅಲ್ಲ. ಬ್ರಿಟಿಷ್ ಸೈನ್ಯದ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1920–30ರ ದಶಕಗಳಲ್ಲಿ ಲಿಬಿಯಾದ ಮರುಭೂಮಿಯಲ್ಲಿ ಕಾರು ಓಡಿಸುತ್ತ ಮರಳನ್ನು ಅಭ್ಯಾಸ ಮಾಡಿದವರು. ಆಮೇಲೆ ಗಾಳಿಸುರಂಗ ಕಟ್ಟಿ ಪರೀಕ್ಷಿಸಿದರು. ನುಣ್ಣನೆಯ ಸಿಮೆಂಟ್ ಪುಡಿಯನ್ನು ಸಮತಟ್ಟಾಗಿ ಹರಡಿ ಮೇಲೆ ಗಾಳಿ ಬಿಟ್ಟಾಗ, ಸಣ್ಣ ಕಲ್ಲುಗಳನ್ನೇ ಉರುಳಿಸಬಲ್ಲ ಗಾಳಿಗೂ ಆ ಪುಡಿ ಏಳಲಿಲ್ಲ. ಅತಿ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮೇಲ್ಮೈ ನುಣುಪಾಗಿರುವುದರಿಂದ ಗಾಳಿಗೆ ಹಿಡಿತ ಸಿಗುವುದಿಲ್ಲ. ಗಾಳಿ ಅತಿ ಸುಲಭವಾಗಿ ಎತ್ತಬಲ್ಲದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ನುಣುಪು ಮರಳನ್ನು. ಆ ಕಣ ಮೇಲೆ ಹಾರಿ, ಗಾಳಿಯಿಂದ ವೇಗ ಪಡೆದು, ಓರೆಯಾಗಿ ನೆಲಕ್ಕೆ ಬಡಿಯುತ್ತದೆ. ಬಡಿದ ಜಾಗದಿಂದ ಧೂಳು ಚಿಮ್ಮುತ್ತದೆ. ಒಂದು ಕಣ ಎಬ್ಬಿಸಿದ ಹೊಡೆತಕ್ಕೆ ಇನ್ನಷ್ಟು ಕಣಗಳು ಹಾರುತ್ತವೆ, ಕೆಲವೇ ಕ್ಷಣಗಳಲ್ಲಿ ಬಯಲಿಗೆ ಬಯಲೇ ಹೊಗೆಯಾಡುತ್ತದೆ.

ಹೊಲದಲ್ಲಿ ಈ ಮರಳಿನ ಹೊಡೆತದ ಜೊತೆ ನಮ್ಮದೂ ಸೇರಿಕೊಳ್ಳುತ್ತದೆ. ಮಣ್ಣಿನ ದಾರಿಯಲ್ಲಿ ಗಾಳಿ ಬೀಸುತ್ತಲೇ ಇದ್ದರೂ ಧೂಳು ಸುಮ್ಮನೆ ಮಲಗಿರುತ್ತದೆ. ಒಂದು ಕುರಿಹಿಂಡು ದಾಟಿದರೆ ಆಕಾಶ ಮುಚ್ಚುತ್ತದೆ. ಗೊರಸು, ಟೈರು, ರೋಟವೇಟರ್ ಇವೆಲ್ಲ ಮಳೆ ಬಿದ್ದು ಹೆಪ್ಪುಗಟ್ಟಿದ ಮೇಲ್ಪದರವನ್ನು ಒಡೆಯುತ್ತವೆ. ಒಮ್ಮೆ ಮೇಲೆದ್ದ ಧೂಳು ಬೇಗ ಇಳಿಯುವುದಿಲ್ಲ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟಿರುವ ಕಣ ನಿಶ್ಚಲ ಗಾಳಿಯಲ್ಲೂ ದಿನವಿಡೀ ಇಳಿದು ಏಳು ಮೀಟರ್ ಕೆಳಗೆ ಬರುತ್ತದೆ ಅಷ್ಟೇ. ನಿಜವಾದ ಗಾಳಿ ಎಂದೂ ನಿಶ್ಚಲವಲ್ಲ. ಹೀಗಾಗಿ ಅಂಥ ಧೂಳಿಗೆ ದೇಶ, ಖಂಡಗಳ ಗಡಿಯಿಲ್ಲ.

1832ರ ಜನವರಿಯಲ್ಲಿ ಬೀಗಲ್ ಹಡಗು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳನ್ನು ಸಮೀಪಿಸಿದಾಗ ಅದರ ಮೇಲೆ ಬಿದ್ದ ಕಂದು ಧೂಳನ್ನು ಯುವಕ ಚಾರ್ಲ್ಸ್ ಡಾರ್ವಿನ್ ಕೂಡಿಟ್ಟುಕೊಂಡರು. ಬರ್ಲಿನ್ನಿನ ಜೀವವಿಜ್ಞಾನಿ ಎರೆನ್‌ಬರ್ಗ್ ಆ ಧೂಳನ್ನು ಪರೀಕ್ಷಿಸಿ ಅದರಲ್ಲಿ ಸಿಲಿಕಾ ಚಿಪ್ಪಿನ ಸೂಕ್ಷ್ಮಜೀವಿಗಳ ಅವಶೇಷ ಕಂಡರು. ಇವತ್ತು ನಮಗೆ ಗೊತ್ತಿರುವಂತೆ ಸಹಾರಾದ ಧೂಳಿನ ಅತಿ ದೊಡ್ಡ ಮೂಲಗಳಲ್ಲೊಂದು ಚಾಡ್ ದೇಶದ ಬೊಡೆಲೆ ತಗ್ಗು. ಅದು ಒಣಗಿದ ಹಳೆಯ ಸರೋವರದ ತಳ. ಮರುಭೂಮಿಯ ಎದೆಯಲ್ಲೂ ಧೂಳು ಹೆಚ್ಚು ಏಳುವುದು ಹಿಂದೆ ನೀರು ನಿಂತಿದ್ದ ಜಾಗದಿಂದ ಎಂಬುದನ್ನು ಗಮನಿಸಿ. ಲೋಟದಲ್ಲಿ ನೋಡಿದಂತೆ, ನುಣುಪನ್ನೆಲ್ಲ ಒಂದೆಡೆ ಕೂಡಿಸಿದ್ದು ನೀರು. ನಾಸಾದ ಉಪಗ್ರಹ ಅಳತೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವರ್ಷಕ್ಕೆ ಸರಾಸರಿ 18 ಕೋಟಿ ಟನ್ನಿಗೂ ಹೆಚ್ಚು ಧೂಳು ಸಹಾರಾದಿಂದ ಪಶ್ಚಿಮಕ್ಕೆ ಹೊರಡುತ್ತದೆ. ಅದರಲ್ಲಿ ಸುಮಾರು 2.8 ಕೋಟಿ ಟನ್ ಅಟ್ಲಾಂಟಿಕ್ ದಾಟಿ ಅಮೆಜಾನ್ ಕಣಿವೆಯಲ್ಲಿ ಬೀಳುತ್ತದೆ, ಜೊತೆಗೆ ಸುಮಾರು 22,000 ಟನ್ ರಂಜಕವನ್ನು ಒಯ್ಯುತ್ತದೆ. ಮಳೆಗೆ ತೊಳೆದುಹೋಗುವ ರಂಜಕಕ್ಕೆ ಹೆಚ್ಚು ಕಡಿಮೆ ಸಮನಾದ ಗೊಬ್ಬರ ಅದು. ನಮ್ಮ ದೇಶದಲ್ಲಿ ಧೂಳಿನ ಕಥೆ ಇಷ್ಟು ಸೌಮ್ಯವಲ್ಲ. 2018ರ ಮೇ ತಿಂಗಳ ಆರಂಭದಲ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೀಸಿದ ಧೂಳಿನ ಬಿರುಗಾಳಿ ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು.

ಈಗ ನನಗೆ ಅತಿ ಮುಖ್ಯವೆನಿಸಿದ ಲೆಕ್ಕಕ್ಕೆ ಬರುತ್ತೇನೆ. ರೈತರು ಬಂದಿರುವುದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ದಖನ್ನಿನಂಥ ಹಳೆಯ ಪ್ರಸ್ಥಭೂಮಿಗಳಲ್ಲಿ ಬಂಡೆ ಮಣ್ಣಾಗಿ ಸವೆಯುವ ಸಹಜ ವೇಗ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರಿನ ಆಸುಪಾಸು. ಭಾಗಿಸಿ ನೋಡಿ: ನೂರು ವರ್ಷಕ್ಕೆ ಒಂದು ಮಿಲಿಮೀಟರ್. ಕಲ್ಲು ಮಣ್ಣಾದಾಗ ಸ್ವಲ್ಪ ಉಬ್ಬುತ್ತದೆ, ಎರಡು ಮಿಲಿಮೀಟರ್ ಎಂದೇ ಹಿಡಿಯಿರಿ. ಇದು ಆದಾಯ. ಇನ್ನು ಖರ್ಚು. ನಮ್ಮ ದೇಶದ ಮಣ್ಣಿನ ಸವಕಳಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16.35 ಟನ್ ಎಂಬುದು 1983ರಲ್ಲಿ ಮಾಡಿದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಂದಾಜು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಣ್ಣೆಂದರೆ ಹತ್ತು ಘನ ಮೀಟರ್, ತೂಕದಲ್ಲಿ ಹದಿಮೂರು ಹದಿನಾಲ್ಕು ಟನ್. ಎಂದರೆ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಹೋಗುತ್ತಿದೆ. ಬರುವುದು ನೂರು ವರ್ಷಕ್ಕೆ ಒಂದೆರಡು. ಹೋಗುವುದು ಒಂದೇ ವರ್ಷಕ್ಕೆ ಅಷ್ಟು. ಸರಾಸರಿಯಲ್ಲಿ ಕಾಡು, ಗುಡ್ಡ, ಬಯಲು ಎಲ್ಲ ಬೆರೆತಿರುತ್ತದೆ, ನಿಮ್ಮ ಹೊಲದ ಲೆಕ್ಕ ಬೇರೆ ಇರಬಹುದು. ಆದರೂ ಆದಾಯಕ್ಕೂ ಖರ್ಚಿಗೂ ಇಷ್ಟು ಅಂತರವಿರುವ ಯಾವ ಮನೆಯೂ ಬಾಳುವುದಿಲ್ಲ.

ಮೊದಲು ಹೋಗುವುದು ಯಾವುದು ಎಂಬುದು ಇನ್ನೂ ನೋವಿನ ಸಂಗತಿ. ಮಳೆಹನಿ ಬರಿಮಣ್ಣಿಗೆ ಬಡಿದಾಗ ಚಿಮ್ಮಿ ಹರಿದು ಹೋಗುವುದು ಜೇಡಿ ಮತ್ತು ಕೊಳೆತ ಎಲೆಯ ಸತ್ವ. ಗಾಳಿಗೆ ಹಾರಿ ದೂರ ಹೋಗುವುದೂ ಅವೇ. ಹಿಂದೆ ಉಳಿಯುವುದು ಮರಳು, ಹರಳು. ಎರೆಮಣ್ಣಿನ ಜೇಡಿಯ ಒಂದು ಗ್ರಾಮಿನಲ್ಲಿ ಪದರಗಳನ್ನೆಲ್ಲ ಬಿಚ್ಚಿ ಹರಡಿದರೆ 600ರಿಂದ 800 ಚದರ ಮೀಟರ್ ಮೇಲ್ಮೈ ಇರುತ್ತದೆ. ನೀವು ಹಾಕಿದ ಗೊಬ್ಬರ, ಬಿದ್ದ ಮಳೆ ಎರಡನ್ನೂ ಬೆಳೆಗಾಗಿ ಹಿಡಿದಿಡುವುದು ಆ ಮೇಲ್ಮೈ. ವಿಜಯಪುರ, ಕಲಬುರಗಿ ಕಡೆಯ ಎರೆ ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾದಿಂದ ಆದದ್ದು. ಅಲ್ಲಿ ಒಂದು ರೂಢಿಯಿದೆ: ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವುದು. ತೇವ ಉಳಿಸಿಕೊಳ್ಳಲು ಹಿರಿಯರು ಕಂಡುಕೊಂಡ ದಾರಿ, ಅದರ ಹಿಂದೆ ಬುದ್ಧಿಯಿದೆ. ಆದರೆ ಜೋರು ಮಳೆಯ ತಿಂಗಳುಗಳಲ್ಲೇ ನೆಲ ಬರಿದಾಗಿರುತ್ತದೆ, ಕೊರಕಲು ಬೀಳುವುದೂ ಆಗಲೇ. ಬಳ್ಳಾರಿಯ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಈ ಎರೆ ಭೂಮಿಯ ಮೇಲೆ ಕೆಲಸ ಮಾಡುತ್ತಿದೆ. ಬದು, ಇಳಿಜಾರಿಗೆ ಅಡ್ಡ ಉಳುಮೆ, ಹುಲ್ಲಿನ ಸಾಲು ಇವೆಲ್ಲ ಅಲ್ಲಿ ಹಲವು ದಶಕಗಳಿಂದ ಪರೀಕ್ಷೆಗೆ ಒಳಪಟ್ಟ ವಿಷಯಗಳು. ಗುಂಡ್ಲುಪೇಟೆ ಕಡೆಯ ರೈತರು ಇದಕ್ಕೂ ಬಹಳ ಹಿಂದಿನಿಂದ ಲಾವಂಚದ ಸಾಲನ್ನೇ ಹೊಲದ ಗಡಿ ಮಾಡಿಕೊಂಡಿದ್ದರು.

ಅಮೆರಿಕದ ಬಯಲುಗಳಲ್ಲಿ 1930ರ ದಶಕದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. ಹುಲ್ಲುಗಾವಲನ್ನು ಟ್ರ್ಯಾಕ್ಟರಿನಿಂದ ಉತ್ತು ಗೋಧಿ ಬಿತ್ತಿದರು. ಬರ ಬಂದಾಗ ನೆಲ ಬರಿದಾಗಿತ್ತು. 1935ರ ಏಪ್ರಿಲ್ 14ರಂದು ಎದ್ದ ಧೂಳು ಹಗಲನ್ನೇ ಕತ್ತಲಾಗಿಸಿತು. ಮಣ್ಣಿಗಾಗಿ ವರ್ಷಗಟ್ಟಲೆ ವಾದಿಸುತ್ತಿದ್ದ ಹ್ಯೂ ಬೆನೆಟ್ ಅವರ ಮಾತಿಗೆ ಆಗ ಬೆಲೆ ಬಂತು. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣೆಯ ಕಾನೂನಿಗೆ ಸಹಿ ಬಿತ್ತು. ನಮ್ಮಲ್ಲಿ ಗಾಳಿಗಿಂತ ನೀರಿನ ಸವಕಳಿಯೇ ದೊಡ್ಡದು, ಹೀಗಾಗಿ ಅಂಥ ಒಂದು ಕಪ್ಪು ದಿನ ಬಂದು ನಮ್ಮನ್ನು ಎಚ್ಚರಿಸಲಾರದು. ನಮ್ಮ ನಷ್ಟ ಪ್ರತಿ ಮಳೆಯಲ್ಲೂ ಹಳ್ಳದ ನೀರಿನ ಬಣ್ಣವಾಗಿ ಸದ್ದಿಲ್ಲದೆ ಹೋಗುತ್ತದೆ.

ರೈತರಲ್ಲಿ ನನ್ನ ಬೇಡಿಕೆ ಚಿಕ್ಕದು. ಬೇಸಿಗೆಯಲ್ಲಿ ಉಳುವುದಾದರೆ ನೇಗಿಲಿನಿಂದ ಉತ್ತು ಹೆಂಟೆ ಹೆಂಟೆಯಾಗಿ ಬಿಡಿ. ಹೆಂಟೆಯನ್ನು ಗಾಳಿ ಎತ್ತಲಾರದು, ಮಳೆ ಅದರ ನಡುವೆ ನಿಂತು ಇಂಗುತ್ತದೆ. ಬಿತ್ತನೆಗೆ ತಿಂಗಳುಗಳ ಮೊದಲೇ ಎರಡೆರಡು ಬಾರಿ ರೋಟವೇಟರ್ ಹೊಡೆಸಿ ಹಿಟ್ಟು ಮಾಡುವುದು ನೋಟಕ್ಕೆ ಚೆಂದ, ಮಣ್ಣಿಗೆ ಅಲ್ಲ. ಜೋಳದ ಕಣಿಕೆ ದನಕ್ಕೆ ಬೇಕೇ ಬೇಕು. ಕೊಯ್ಯುವಾಗ ಗೇಣುದ್ದ ಕೂಳೆಯನ್ನಾದರೂ ನೆಲದಲ್ಲಿ ಬಿಡಿ, ಬೆಂಕಿ ಹಚ್ಚಬೇಡಿ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಹಂಪಿಯ ಈ ಬಂಡೆಗಳೂ ಒಂದು ದಿನ ಧೂಳಾಗುತ್ತವೆಯೇ?” ಆಗುತ್ತವೆ, ಆದರೆ ಅವು ನಮ್ಮ ನೆಲದಲ್ಲಿ ಅತಿ ನಿಧಾನವಾಗಿ ಸವೆಯುವ ಭಾಗ. ನೀರು ನಿಲ್ಲದ ಬೋಳು ಗ್ರಾನೈಟ್ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮೀಟರ್ ಸವೆಯುತ್ತದೆ. ಅಲ್ಲಿನ ಬಂಡೆಗಳ ಮೇಲೆ ಸಾಲಾಗಿ ಚೌಕದ ಗುಳಿಗಳನ್ನು ನೀವು ನೋಡಿರಬಹುದು. ಬೆಣೆ ಹೊಡೆದು ಕಲ್ಲು ಸೀಳಲು ವಿಜಯನಗರದ ಕುಶಲಕರ್ಮಿಗಳು ತೆಗೆದವು. ಐನೂರು ಮಳೆಗಾಲ ಕಂಡರೂ ಎಷ್ಟೋ ಗುಳಿಗಳ ಅಂಚು ಇನ್ನೂ ಚೂಪಾಗಿದೆ. ಬೆರಳಾಡಿಸಿ ನೋಡಿದರೆ ತಿಳಿಯುತ್ತದೆ. ಅಪಾಯವಿರುವುದು ಬುಡದಲ್ಲಿ. ಒಂದರ ಮೇಲೊಂದು ಕುಳಿತ ಗುಂಡುಗಳ ಕೆಳಗಿನ ಗೊರಚು ಕೊಚ್ಚಿ ಹೋದರೆ ಮೇಲಿನದು ಜಾರುತ್ತದೆ. ಆದ್ದರಿಂದ ಬುಡ ಅಗೆಯುವುದನ್ನು ತಡೆಯಬೇಕು.

ಹಿರಿಯ ರೈತರೊಬ್ಬರ ಪ್ರಶ್ನೆ ಕೆರೆಯ ಹೂಳಿನದು: “ಹಿಂದೆ ಬಂಡಿಯಲ್ಲಿ ಹೊಡೆಯುತ್ತಿದ್ದೆವು, ಈಗ ಟಿಪ್ಪರಿನಲ್ಲಿ ತರಬಹುದು. ಹಾಕಿದರೆ ಒಳ್ಳೆಯದೇ?” ಮಸಾರಿಗೆ ತುಂಬ ಒಳ್ಳೆಯದು. ನಿಮ್ಮ ಹೊಲದಿಂದ ಹೋದ ಜೇಡಿಯೇ ಕೆರೆಯಲ್ಲಿ ಕುಳಿತಿದೆ, ಅದನ್ನು ಮನೆಗೆ ಕರೆತಂದಂತೆ. ಎರೆ ಹೊಲಕ್ಕೆ ಮಾತ್ರ ಬೇಡ. ಅಲ್ಲಿ ಜೇಡಿ ಆಗಲೇ ಬೇಕಾದಷ್ಟಿದೆ, ಇನ್ನಷ್ಟು ಹಾಕಿದರೆ ನೀರು ನಿಲ್ಲುತ್ತದೆ. ತರುವ ಮೊದಲು ಒಂದು ಕಿಲೋ ಹೂಳನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಟ್ಟು ಉಪ್ಪಿನಂಶ, ಸವಳು ಇದೆಯೇ ನೋಡಿಸಿ. ಬೇಸಿಗೆಯಲ್ಲಿ ತೆಳುವಾಗಿ ಹರಡಿ, ಹೆಂಟೆ ಒಣಗಿ ಬಿರಿದ ಮೇಲೆ ಉತ್ತು ಬೆರೆಸಿ. ಕೆರೆಯಲ್ಲಿ ಅಗೆಯುವಾಗ ತಳದ ಗೊರಚು ಕಾಣುವ ತನಕ ಹೋಗಬೇಡಿ. ಗೊರಚಿನ ಮೇಲಿನ ಜೇಡಿ ಪದರವೇ ಕೆರೆಯ ನೀರನ್ನು ಹಿಡಿದು ನಿಲ್ಲಿಸುವುದು. ಇಂಗುಕೆರೆಯಾದರೆ ಈ ಮಾತು ಅನ್ವಯಿಸುವುದಿಲ್ಲ. ಅದನ್ನು ಕಟ್ಟಿರುವುದೇ ನೀರು ಕೆಳಗಿಳಿಯಲೆಂದು.